ಗುಂಡುಕಲ್ಲನ್ನು ಹಿಡಿದು ನಿಲ್ಲಿಸಿದ ಸುಣ್ಣ

1997ರ ಸೆಪ್ಟೆಂಬರ್ 21ರಂದು ನೈಋತ್ಯ ಫಿನ್‌ಲೆಂಡಿನ ಸಸ್ತಮಲ ಸೀಮೆಯಲ್ಲಿ, ರೌತವೇಸಿ ಸರೋವರದ ದಂಡೆಯ ಮೇಲಿರುವ ತ್ಯುರ್ವ್ಯಾದ ಸಂತ ಒಲಾಫನ ಚರ್ಚಿಗೆ ಕಿಡಿಗೇಡಿಯೊಬ್ಬ ಬೆಂಕಿಯಿಟ್ಟ. ಊರಿನವರು ಸ್ವಯಂಸೇವೆಯಿಂದ ಹೊಸದಾಗಿ ಹೊದಿಸಿದ್ದ ಮರದ ಚಾವಣಿ ಉರಿದುಹೋಯಿತು. ಹಲಗೆಯ ಒಳಚಾವಣಿ, 18ನೇ ಶತಮಾನದ ಬೆಂಚುಗಳು, ಚಿತ್ರ ಬಿಡಿಸಿದ್ದ ಪ್ರವಚನ ಪೀಠ ಎಲ್ಲವೂ ಬೂದಿಯಾದವು. 16ನೇ ಶತಮಾನದ ಆರಂಭದಲ್ಲಿ ಎದ್ದ ಗೋಡೆಗಳು ಮಾತ್ರ ನಿಂತೇ ಇದ್ದವು.

ಕಲ್ಲಿನ ಗೋಡೆ, ನಿಲ್ಲದೆ ಇನ್ನೇನಾಗುತ್ತದೆ ಎಂದು ಕೇಳುವವರಿದ್ದಾರೆ. ಈ ಒಂದು ಉತ್ತರ ಎಷ್ಟು ಜನರನ್ನು ದಾರಿ ತಪ್ಪಿಸಿದೆ ಎಂದರೆ, ಫಿನ್‌ಲೆಂಡಿನ ಇಂಥ ಮಧ್ಯಯುಗದ ಕಲ್ಲಿನ ಚರ್ಚುಗಳ ದುರಸ್ತಿಗೆ ಕೈಹಾಕಿದ ಎಂಜಿನಿಯರುಗಳೂ ಇಪ್ಪತ್ತನೇ ಶತಮಾನದಲ್ಲಿ ಇದನ್ನೇ ನಂಬಿ ತಪ್ಪು ಮೇಲೆ ತಪ್ಪು ಮಾಡಿದರು. ಗ್ರಾನೈಟಿಗೂ ಬೆಂಕಿಗೂ ಆಗಿಬರುವುದಿಲ್ಲ. ಗ್ರಾನೈಟಿನೊಳಗಿನ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, 573 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ತನ್ನ ಹರಳಿನ ರಚನೆಯನ್ನೇ ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಇನ್ನೊಂದು ವಿಷಯ: ಈ ಗೋಡೆಗಳಲ್ಲಿರುವುದು ನಮ್ಮ ಹೊಯ್ಸಳ ಗುಡಿಗಳಂತೆ ಒಂದಕ್ಕೊಂದು ಕೂರುವಂತೆ ಕಡೆದ ಕಲ್ಲುಗಳಲ್ಲ. ಹೊಲದಿಂದ ಎತ್ತಿ ತಂದ ಗುಂಡುಕಲ್ಲುಗಳು. ಸುಣ್ಣವನ್ನು ತೆಗೆದುಬಿಟ್ಟರೆ ಅವು ಒಂದು ಗಂಟೆಯೂ ಗೋಡೆಯಾಗಿ ನಿಲ್ಲಲಾರವು.

ಈ ಕಲ್ಲುಗಳು ಬಂದ ಬಗೆ ಮೊದಲು. ಫಿನ್‌ಲೆಂಡಿನ ಜಾನಪದದಲ್ಲಿ ಹೊಲದ ನಡುವೆ ಒಂಟಿಯಾಗಿ ಕೂತ ದೊಡ್ಡ ಬಂಡೆಗೆಲ್ಲ ಒಂದು ಕಥೆಯುಂಟು: ಚರ್ಚಿನ ಗಂಟೆಯ ಸದ್ದು ತಾಳಲಾರದ ದೈತ್ಯನೊಬ್ಬ ಚರ್ಚಿಗೆ ಗುರಿಯಿಟ್ಟು ಎಸೆದ, ಗುರಿ ತಪ್ಪಿತು ಎಂದು. ಚರ್ಚನ್ನು ಕಟ್ಟಿದವರೇ ದೈತ್ಯರು ಎನ್ನುವ ಕಥೆಗಳೂ ಇವೆ. ಕಥೆ ಸೊಗಸಾಗಿದೆ, ಆದರೆ ನಿಜವಾಗಿ ಆ ಬಂಡೆಗಳನ್ನು ತಂದದ್ದು ಇನ್ನೂ ದೊಡ್ಡದು. ಕಳೆದ ಹಿಮಯುಗದಲ್ಲಿ ಈ ನೆಲದ ಮೇಲೆ ಎರಡು ಮೂರು ಕಿಲೋಮೀಟರ್ ದಪ್ಪದ ಹಿಮದ ಹಾಸು ಕೂತಿತ್ತು. ಅದು ಜರುಗುವಾಗ ತಳಬಂಡೆಯನ್ನು ಕಿತ್ತು, ಉರುಳಿಸಿ, ಮೂಲೆಗಳನ್ನೆಲ್ಲ ಸವೆಸಿತು. ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಕರಗಿ ಹಿಂದೆ ಸರಿಯುವಾಗ ಗ್ರಾನೈಟನ್ನೂ ನೈಸ್ ಎಂಬ ಪಟ್ಟೆಗಲ್ಲುಗಳನ್ನೂ ದಕ್ಷಿಣ ಫಿನ್‌ಲೆಂಡಿನ ಉದ್ದಗಲಕ್ಕೂ ಚೆಲ್ಲಿ ಹೋಯಿತು. ನೇಗಿಲಿಗೆ ಅಡ್ಡ ಬರುತ್ತಿದ್ದ ಈ ಕಲ್ಲನ್ನು ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ರಾಶಿ ಹಾಕುತ್ತಿದ್ದರು. ಚರ್ಚು ಕಟ್ಟುವಾಗ ಅವನ್ನು ಚಳಿಗಾಲದಲ್ಲಿ, ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಗಳಲ್ಲಿ ಸಾಗಿಸುತ್ತಿದ್ದರು. ಬೇಸಿಗೆಯ ಕೆಸರು ದಾರಿಯಲ್ಲಿ ಟನ್ ತೂಕದ ಕಲ್ಲು ಒಂದು ಮೈಲಿ ಹೋಗುವುದೂ ಕಷ್ಟ. ತೀರಾ ದೊಡ್ಡದಾದರೆ ಅದರ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ನೀರೆರಚಿ ಸೀಳುತ್ತಿದ್ದರು. ಸೀಳಿದ ಚಪ್ಪಟೆ ಮುಖ ಗೋಡೆಯ ಹೊರಮೈಗೆ ಬರುತ್ತಿತ್ತು.

ಈಗ ಸುಣ್ಣ. ಬೇಯಿಸಿದ ಕಲ್ಲಿಗೆ ನೀರು ಹಾಕಿದರೆ ಹೇಗೆ ಭುಸುಗುಟ್ಟಿ ಅರಳುತ್ತದೆ ಎಂಬುದನ್ನು ನಮ್ಮಲ್ಲಿ ಮನೆಗೆ ಸುಣ್ಣ ಹೊಡೆದವರೆಲ್ಲ ಕಂಡಿದ್ದಾರೆ. ಲೆಕ್ಕ ಇಷ್ಟು: 100 ಕಿಲೋ ಶುದ್ಧ ಸುಣ್ಣಕಲ್ಲನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊಗೆಯ ಜೊತೆ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ 18 ಕಿಲೋ ನೀರು ಕೂಡಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಹೋದ ಮೇಲೆ ಈ ಸುಣ್ಣ ಆ 18 ಕಿಲೋ ನೀರನ್ನು ಬಿಟ್ಟುಕೊಟ್ಟು, ಕಳೆದುಕೊಂಡಿದ್ದ 44 ಕಿಲೋ ಇಂಗಾಲದ ಡೈ ಆಕ್ಸೈಡನ್ನು ಸುತ್ತಲ ಗಾಳಿಯಿಂದ ಮರಳಿ ಎಳೆದುಕೊಳ್ಳುತ್ತದೆ. ಮತ್ತೆ ಸುಣ್ಣಕಲ್ಲಾಗುತ್ತದೆ, ಈ ಸಲ ಮರಳಿನ ಕಣಗಳನ್ನೂ ಗುಂಡುಕಲ್ಲುಗಳನ್ನೂ ಅಪ್ಪಿಕೊಂಡು. ಎಲೆ ಅಡಿಕೆಯ ಡಬ್ಬಿಯಲ್ಲಿ ನೀರು ಆರಿದ ಸುಣ್ಣ ಗಟ್ಟಿ ಹೆಂಟೆಯಾಗುತ್ತದಲ್ಲ, ಅದೇ ಕ್ರಿಯೆ, ಅದೇ ರಸಾಯನ.

ಆ 44 ಕಿಲೋ ಎಲ್ಲಿಂದ ಬರಬೇಕು? ಮಧ್ಯಯುಗದ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗ ಮಾತ್ರ ಇತ್ತು. ಹಾಗಾಗಿ ಪ್ರತಿ 100 ಕಿಲೋ ಸುಣ್ಣಕಲ್ಲಿನ ಲೆಕ್ಕಕ್ಕೆ ಗೋಡೆ 80 ಸಾವಿರ ಘನ ಮೀಟರಿಗೂ ಹೆಚ್ಚು ಗಾಳಿಯಲ್ಲಿದ್ದ ಅಷ್ಟೂ ಇಂಗಾಲದ ಡೈ ಆಕ್ಸೈಡನ್ನು ಹೀರಬೇಕಾಯಿತು. ಒಂದು ಚರ್ಚಿಗೆ ಬೇಕಾಗಿದ್ದ ಸುಣ್ಣಕಲ್ಲನ್ನು ಟನ್ನುಗಳಲ್ಲಿ ಎಣಿಸಬೇಕು. ಈ ಚರ್ಚುಗಳ ಗೋಡೆಯಲ್ಲಿರುವ ಅಂಟು ಆಯಾ ಊರಿನ ಗಾಳಿಯಿಂದಲೇ ಬಂದದ್ದು. ಮುಂದೆ ಹೇಳುವುದೆಲ್ಲ, ಕಟ್ಟುವ ಕ್ರಮ, ಕೆಡುವ ಕಾರಣ, ವಯಸ್ಸು ಹೇಳುವ ಉಪಾಯ, ಈ ಒಂದು ಸಂಗತಿಯಿಂದ ಹೊರಡುತ್ತದೆ.

ಗಾಳಿ ಒಳಗೆ ಹೋಗುವುದು ನಿಧಾನ. ಹೊರಮೈ ಗಟ್ಟಿಯಾದಷ್ಟೂ ಒಳಗಿನ ಸುಣ್ಣಕ್ಕೆ ಗಾಳಿ ತಲುಪುವ ದಾರಿ ಉದ್ದವಾಗುತ್ತದೆ. ಆದ್ದರಿಂದ ಗಟ್ಟಿಯಾದ ಪದರದ ಆಳ ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಲೆಕ್ಕಕ್ಕೆಂದು ಮೊದಲ ಒಂದು ಸೆಂಟಿಮೀಟರಿಗೆ ಒಂದು ತಿಂಗಳು ಎಂದಿಟ್ಟುಕೊಳ್ಳಿ. ಎರಡು ಸೆಂಟಿಮೀಟರಿಗೆ ನಾಲ್ಕು ತಿಂಗಳು ಬೇಕು. ಹತ್ತು ಸೆಂಟಿಮೀಟರಿಗೆ ನೂರು ತಿಂಗಳು, ಎಂಟು ವರ್ಷಕ್ಕೂ ಹೆಚ್ಚು. ಐವತ್ತು ಸೆಂಟಿಮೀಟರ್ ಆಳಕ್ಕೆ 2500 ತಿಂಗಳು, ಅಂದರೆ ಇನ್ನೂರು ವರ್ಷ ದಾಟುತ್ತದೆ. ತೇವವೂ ಹದದಲ್ಲಿರಬೇಕು. ಇಂಗಾಲದ ಡೈ ಆಕ್ಸೈಡ್ ಮೊದಲು ನೀರಿನಲ್ಲಿ ಕರಗಿ ಆಮೇಲೆ ಸುಣ್ಣದ ಜೊತೆ ಸೇರುವುದರಿಂದ ಗಾರೆ ಪೂರಾ ಒಣಗಿದರೆ ಕ್ರಿಯೆ ನಿಂತುಬಿಡುತ್ತದೆ. ಗಾರೆಯ ರಂಧ್ರಗಳಲ್ಲೆಲ್ಲ ನೀರು ತುಂಬಿಕೊಂಡರೂ ನಿಲ್ಲುತ್ತದೆ, ಏಕೆಂದರೆ ಈ ಅನಿಲ ನೀರಿನೊಳಗೆ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ.

ಇದಕ್ಕೆ ಫಿನ್‌ಲೆಂಡಿನ ಚಳಿ ಸೇರಿತು. ಹಸಿ ಗಾರೆಯಲ್ಲಿ ನೀರಿದೆ. ಹೆಪ್ಪುಗಟ್ಟಿದರೆ ನೀರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಗಾರೆ ಪುಡಿಯಾಗುತ್ತದೆ. ಅದಕ್ಕಾಗಿ ಕಟ್ಟುವ ಕೆಲಸ ಬೇಸಿಗೆಯ ಕೆಲವೇ ತಿಂಗಳಿಗೆ ಸೀಮಿತವಾಗಿತ್ತು. ವಸಂತದ ಕೊನೆಯ ಇಬ್ಬನಿ ಹೆಪ್ಪು ಮುಗಿದ ಮೇಲೆ ಶುರು, ಆಗಸ್ಟ್ ಕೊನೆಯ ಹೊತ್ತಿಗೆ ನಿಲುಗಡೆ. ಗೋಡೆಯ ತಲೆಯ ಮೇಲೆ ಮಳೆ ಹಿಮ ಇಳಿಯದಂತೆ ಮುಚ್ಚಿ, ಮುಂದಿನ ಬೇಸಿಗೆಗೆ ಕಾಯಬೇಕು. ಒಂದೇ ಬೇಸಿಗೆಯಲ್ಲಿ ಪೂರ್ತಿ ಎತ್ತರಕ್ಕೆ ಎಬ್ಬಿಸಿದರೆ ಕೆಳಗಿನ ಹಸಿ ಗಾರೆ ಮೇಲಿನ ಭಾರಕ್ಕೆ ಹಿಂಡಿ ಗೋಡೆಯ ಹೊಟ್ಟೆ ಹೊರಗೆ ಉಬ್ಬುತ್ತದೆ.

ಗೋಡೆಯ ದಪ್ಪ ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್. ಒಳಗೊಂದು ಮುಖ, ಹೊರಗೊಂದು ಮುಖ, ನಡುವೆ ಸಣ್ಣ ಕಲ್ಲು ಮತ್ತು ಧಾರಾಳ ಗಾರೆ. ತಳದಲ್ಲಿ ಅತಿ ದೊಡ್ಡ ಬಂಡೆಗಳು, ಮೂಲೆಗಳಿಗೆ ಆರಿಸಿದ ಉದ್ದನೆಯ ಕಲ್ಲುಗಳು. ಎರಡು ಗುಂಡುಕಲ್ಲಿನ ನಡುವೆ ಉಳಿಯುವ ಅಗಲ ಸಂದಿಗೆ ಬರೀ ಗಾರೆ ತುಂಬಿದರೆ ಅದು ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಗಾರೆಯೊಳಗೆ ಚಕ್ಕೆಕಲ್ಲುಗಳನ್ನು ಒತ್ತಿ ಕೂರಿಸಿದರೆ ಗಾರೆಯೂ ಉಳಿಯುತ್ತದೆ, ಕುಗ್ಗುವಿಕೆಯೂ ಕಡಿಮೆಯಾಗುತ್ತದೆ, ದೊಡ್ಡ ಕಲ್ಲು ಅಲುಗದಂತೆ ಬೆಣೆಯೂ ಆಗುತ್ತದೆ. ಫಿನ್‌ಲೆಂಡಿನ ಇಂಥ ಹಳ್ಳಿ ಚರ್ಚಿನ ಗೋಡೆಯನ್ನು ಹತ್ತಿರದಿಂದ ನೋಡಿದರೆ ಈ ಚಕ್ಕೆಗಳು ದೊಡ್ಡ ಕಲ್ಲುಗಳಿಗಿಂತ ಎಷ್ಟೋ ಪಾಲು ಹೆಚ್ಚಿರುವುದು ಕಾಣುತ್ತದೆ. ಬಾಗಿಲು, ಕಿಟಕಿಗಳ ಚೌಕಟ್ಟಿನಂಚು, ಚಾವಣಿ ತುದಿಯ ತ್ರಿಕೋನ ಗೋಡೆಯ ಅಲಂಕಾರದ ಗೂಡುಗಳು, ಒಳಗಿನ ಕಮಾನು ಚಾವಣಿ ಇವೆಲ್ಲ ಇಟ್ಟಿಗೆಯವು. ನೇರ ಅಂಚನ್ನು ಗುಂಡುಕಲ್ಲಿನಿಂದ ತೆಗೆಯಲಾಗುವುದಿಲ್ಲ.

ಗೋಡೆ ಎತ್ತರಕ್ಕೆ ಹೋದಂತೆ ಸಾರವೆ ಕಟ್ಟಲು ಮರದ ತೊಲೆಗಳನ್ನು ಗೋಡೆಯೊಳಗೇ ಅಡ್ಡಲಾಗಿ ಇಟ್ಟು ಮೇಲೆ ಕಟ್ಟುತ್ತಿದ್ದರು. ಕೆಲಸ ಮುಗಿದ ಮೇಲೆ ಹೊರಚಾಚಿದ ತುದಿಯನ್ನು ಕೊಯ್ದು ರಂಧ್ರಕ್ಕೆ ಗಾರೆ ಮೆತ್ತುತ್ತಿದ್ದರು. ಒಳಗೆ ಉಳಿದ ಆ ತುಂಡುಗಳ ಮಹತ್ವ ಆಮೇಲೆ ಬರುತ್ತದೆ.

ಸುಣ್ಣ ಸುಡುವುದರಲ್ಲೂ ಎಡವಟ್ಟಾಗುತ್ತಿತ್ತು. ಗುಡ್ಡದ ಓರೆಯಲ್ಲಿ ಕಲ್ಲಿನಿಂದ ಕಟ್ಟಿದ ಗೂಡಿನಲ್ಲಿ ಹಗಲಿರುಳು ಹಲವು ದಿನ ಬೆಂಕಿ ಆರದಂತೆ ಕಾಯಬೇಕು. ಗೂಡಿನ ಒಂದು ಮೂಲೆ ತಣ್ಣಗಿದ್ದರೆ ಅಲ್ಲಿನ ಸುಣ್ಣಕಲ್ಲಿನ ತಿರುಳು ಬೇಯದೆ ಉಳಿಯುತ್ತದೆ. ಬೆಂಕಿ ಅತಿಯಾದರೆ ಸುಣ್ಣ ಬಿಗಿದುಕೊಂಡು, ನೀರು ಹಾಕಿದ ದಿನ ಅರಳದೆ, ಗೋಡೆಯೊಳಗೆ ಸೇರಿ ವಾರಗಳಾದ ಮೇಲೆ ಅರಳಲು ಹೊರಟು ಗಾರೆಯನ್ನೇ ಒಡೆಯುತ್ತದೆ. ಬೇಯದೆ ಉಳಿದ ತಿರುಳು ಗೋಡೆಗೇನೂ ಕೆಡುಕು ಮಾಡುವುದಿಲ್ಲ, ಮರಳಿನಂತೆ ಸುಮ್ಮನಿರುತ್ತದೆ. ಆದರೆ ಐದು ಶತಮಾನ ಕಳೆದ ಮೇಲೆ ವಿಜ್ಞಾನಿಗಳ ತಲೆ ಕೆಡಿಸಿದ್ದು ಅದೇ.

ಈ ಚರ್ಚುಗಳ ವಯಸ್ಸಿನ ಜಗಳ ದೊಡ್ಡದು. ಫಿನ್‌ಲೆಂಡ್ ಆಗ ಸ್ವೀಡನ್ ರಾಜ್ಯದ ಪೂರ್ವ ಭಾಗ, ತುರ್ಕು ಅಲ್ಲಿನ ಬಿಷಪ್ಪರ ಪೀಠ. ಮುಖ್ಯ ಭೂಭಾಗದ ಎಷ್ಟೋ ಹಳ್ಳಿ ಚರ್ಚುಗಳನ್ನು 13ನೇ, 14ನೇ ಶತಮಾನದವೆಂದು ಹಿಂದಿನ ಕಲಾ ಇತಿಹಾಸಕಾರರು ಶೈಲಿ ನೋಡಿ ಬರೆದಿದ್ದರು. ಸ್ವೀಡನ್ನಿನವರ ಕ್ರೈಸ್ತ ಧರ್ಮಯುದ್ಧದ ಜೊತೆಗೇ ಕಲ್ಲಿನ ಚರ್ಚುಗಳೂ ಬಂದವು ಎಂಬ ಕಲ್ಪನೆ ಪ್ರವಾಸಿ ಮಾರ್ಗದರ್ಶಿಗಳಲ್ಲಿ ಇಂದಿಗೂ ಕುಳಿತಿದೆ. ಪುರಾತತ್ತ್ವಜ್ಞ ಮಾರ್ಕುಸ್ ಹಿಯೆಕ್ಕನೆನ್ 1994ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಕಟ್ಟಡದ ಭಾಗಗಳನ್ನು ಒಂದೊಂದಾಗಿ ಹೋಲಿಸಿ ಈ ನಂಬಿಕೆಯನ್ನು ಅಲುಗಾಡಿಸಿದರು. ಮುಖ್ಯ ಭೂಭಾಗದ ಎಪ್ಪತ್ತಕ್ಕೂ ಹೆಚ್ಚು ಕಲ್ಲಿನ ಚರ್ಚುಗಳಲ್ಲಿ ಬಹುಪಾಲು ಎದ್ದದ್ದು ಸುಮಾರು 1430ರಿಂದ 1550ರ ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ. ಅದಕ್ಕೂ ಮುಂಚೆ ಆ ಧರ್ಮಕೇಂದ್ರಗಳಲ್ಲಿದ್ದದ್ದು ಮರದ ಚರ್ಚು. ಅನೇಕ ಕಡೆ ಮೊದಲು ಕಲ್ಲಿನಲ್ಲಿ ಕಟ್ಟಿದ್ದು ಸ್ಯಾಕ್ರಿಸ್ಟಿ ಎಂಬ ಪಾದ್ರಿಗಳ ಕೋಣೆಯನ್ನು ಮಾತ್ರ, ಮರದ ಚರ್ಚಿನ ಉತ್ತರ ಬದಿಗೆ ಅಂಟಿಸಿ. ಬೆಳ್ಳಿಯ ಪಾತ್ರೆ, ವಸ್ತ್ರ, ಪುಸ್ತಕಗಳಿಗೆ ಬೆಂಕಿಯಿಂದ ರಕ್ಷಣೆ ಬೇಕಿತ್ತು. ಆಮೇಲೆ ಹಣ ಕೂಡಿದಾಗ ಚರ್ಚು. ದಕ್ಷಿಣ ಕರಾವಳಿಯ ಸಿಪೋದ ಸಂತ ಸಿಗ್‌ಫ್ರಿಡ್ ಚರ್ಚು 1450ರ ದಶಕದ ಮೊದಲ ವರ್ಷಗಳದ್ದು. ತ್ಯುರ್ವ್ಯಾದ್ದು ಈ ಸಾಲಿನ ಕೊನೆಯ ಪೀಳಿಗೆ. 1527ರಲ್ಲಿ ವೆಸ್ತೆರೋಸ್ ಊರಿನಲ್ಲಿ ಸೇರಿದ ರಾಜ್ಯಸಭೆಯ ಬಳಿಕ ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ಚರ್ಚಿನ ಸಂಪತ್ತಿಗೆ ಕೈಹಾಕಿದ ಮೇಲೆ ಹಣದ ಮೂಲವೇ ಬತ್ತಿ, ಕಟ್ಟುವ ಕೆಲಸ ಕುಂಟುತ್ತಾ ನಿಂತಿತು.

ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಕಥೆ ಬೇರೆ. ಅಲ್ಲಿನ ಕೆಂಪು ಗ್ರಾನೈಟಿನ ಚರ್ಚುಗಳಲ್ಲಿ ಯೊಮಲದಂಥವು 13ನೇ ಶತಮಾನದಷ್ಟು ಹಳೆಯವು. ಅವುಗಳ ಬಗ್ಗೆಯೂ ಜಗಳವಿತ್ತು, ಕಟ್ಟಿದವರು ಬರೆದಿಟ್ಟ ದಾಖಲೆ ಇರಲಿಲ್ಲ. ಕಲಾ ಇತಿಹಾಸಕಾರ್ತಿ ಓಸ ರಿಂಗ್‌ಬೊಮ್, ಭೂವಿಜ್ಞಾನಿ ಆಲ್ಫ್ ಲಿಂಡ್ರೂಸ್, ಡೆನ್ಮಾರ್ಕಿನ ಭೌತವಿಜ್ಞಾನಿ ಯಾನ್ ಹೈನೆಮೈಯರ್ ಮೊದಲಾದವರು 1990ರ ದಶಕದಿಂದ ಗಾರೆಯನ್ನೇ ಪ್ರಶ್ನಿಸತೊಡಗಿದರು. ಫ್ರಾನ್ಸಿನ ಲಾಬೆರಿ ಮತ್ತು ದೆಲಿಬ್ರಿಯಾ 1964ರಲ್ಲೇ ಸೂಚಿಸಿದ್ದ ಉಪಾಯ ಇದು. ಗಾರೆ ಗಟ್ಟಿಯಾದ ಬೇಸಿಗೆಯಲ್ಲಿ ಗಾಳಿಯಲ್ಲಿದ್ದ ಇಂಗಾಲ ಸುಣ್ಣದೊಳಗೆ ಸೆರೆಯಾಗಿದೆ. ಆ ಇಂಗಾಲದಲ್ಲಿ ಒಂದಿಷ್ಟು ವಿಕಿರಣಶೀಲ ಇಂಗಾಲ-14 ಇದ್ದೇ ಇರುತ್ತದೆ. 5730 ವರ್ಷಕ್ಕೆ ಅರ್ಧವಾಗುವ ವೇಗದಲ್ಲಿ ಅದು ಕರಗುತ್ತಾ ಬಂದಿದೆ. ಎಷ್ಟು ಉಳಿದಿದೆ ಎಂದು ಅಳೆದರೆ ಗಾರೆ ಯಾವಾಗ ಗಟ್ಟಿಯಾಯಿತು ಎಂದು ತಿಳಿಯುತ್ತದೆ. ಮರದ ತೊಲೆಯನ್ನು ಹಳೆಯ ಕಟ್ಟಡದಿಂದ ಕಿತ್ತು ತಂದಿರಬಹುದು, ಆಮೇಲೆ ಬದಲಿಸಿಯೂ ಇರಬಹುದು. ಕಟ್ಟುವಾಗಲೇ ಕಲ್ಲುಗಳ ನಡುವೆ ತುಂಬಿದ ಗಾರೆಗೆ ಆ ಎರಡೂ ಅನುಮಾನವಿಲ್ಲ.

ಉಪಾಯ ಎಷ್ಟು ಚೆಂದವೋ ಮಾಡುವುದು ಅಷ್ಟೇ ಕಷ್ಟ. ಮುಖ್ಯ ಶತ್ರು ಆ ಬೇಯದ ತಿರುಳು. ಓಲಂಡಿನ ಸುಣ್ಣಕಲ್ಲು ಹಿಮಯುಗದ ಹಿಮದ ಹಾಸು ಸಮುದ್ರತಳದಿಂದ ಕಿತ್ತು ತಂದದ್ದು, ವಯಸ್ಸು ಸುಮಾರು 45 ಕೋಟಿ ವರ್ಷ. ಮುಖ್ಯ ಭೂಭಾಗಕ್ಕೆ ಸುಣ್ಣ ಕೊಟ್ಟ, ತುರ್ಕು ಹತ್ತಿರದ ಪರೈನೆನ್‌ನ ಹರಳುಗಟ್ಟಿದ ಸುಣ್ಣಕಲ್ಲಿನದ್ದು ಸುಮಾರು 190 ಕೋಟಿ ವರ್ಷ. ಎರಡರಲ್ಲೂ ಇಂಗಾಲ-14 ಒಂದು ಕಣವೂ ಉಳಿದಿಲ್ಲ. ಇಂಗಾಲ-14 ಸುಮಾರು 80 ವರ್ಷಕ್ಕೆ ನೂರಕ್ಕೊಂದರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಮಾದರಿಯಲ್ಲಿ ನೂರಕ್ಕೆ ಒಂದು ಭಾಗ ಸತ್ತ ಇಂಗಾಲ ಸೇರಿಕೊಂಡರೆ ಉತ್ತರ 80 ವರ್ಷ ಹಿಂದಕ್ಕೆ ಜಾರುತ್ತದೆ. ಐದು ಭಾಗ ಸೇರಿದರೆ ನಾನೂರು ವರ್ಷ! 1450ರ ಚರ್ಚು 1050ರದ್ದೆಂದು ತೋರುತ್ತದೆ, ಅಂದರೆ ಫಿನ್‌ಲೆಂಡಿನಲ್ಲಿ ಯಾವ ಧರ್ಮಕೇಂದ್ರವೂ ರೂಪುಗೊಂಡಿರದ ಕಾಲದ್ದು.

ಇದನ್ನು ಬೇರ್ಪಡಿಸುವ ಕ್ರಮ ತಾಳ್ಮೆಯ ಕೆಲಸ. ಮಾದರಿ ತೆಗೆಯಲು ಒಳ್ಳೆಯ ಜಾಗ ಚಾವಣಿಯ ಕೆಳಗಿನ ಅಟ್ಟ. ಮಳೆ ಬಿದ್ದಿಲ್ಲ, ದುರಸ್ತಿಯವರ ಕರಣೆ ತಾಗಿಲ್ಲ. ಮೇಲ್ಮೈಗೆ ಹತ್ತಿರದ ಗಾರೆಯನ್ನೇ ಉಳಿಯಿಂದ ತೆಗೆಯಬೇಕು. ಆಳಕ್ಕೆ ಹೋದರೆ ವರ್ಗಮೂಲದ ಲೆಕ್ಕ ಕೈಕೊಡುತ್ತದೆ, ಅಲ್ಲಿನ ಸುಣ್ಣ ಕಟ್ಟಿ ನೂರಿನ್ನೂರು ವರ್ಷದ ನಂತರದ ಗಾಳಿಯನ್ನು ಹಿಡಿದಿರಬಹುದು. ಹೊಸದಾಗಿ ಒಡೆದ ಮುಖಕ್ಕೆ ಫಿನಾಫ್ತಲೀನ್ ದ್ರಾವಣ ತೊಟ್ಟಿಕ್ಕಿಸಿ ನೋಡುತ್ತಾರೆ. ಗುಲಾಬಿ ಬಣ್ಣ ಬಂದರೆ ಸುಣ್ಣ ಇನ್ನೂ ಹಸಿಯಾಗಿದೆ, ಆ ಮಾದರಿ ಬೇಡ. ಬಣ್ಣ ಬರದಿದ್ದರೆ ಮುಂದಿನ ಹೆಜ್ಜೆ. ಗಾರೆಯನ್ನು ಕುಟ್ಟಬಾರದು, ಇಕ್ಕಳದಲ್ಲಿ ಮೆಲ್ಲಗೆ ಹಿಸುಕಬೇಕು. ಮೆತ್ತನೆಯ ಗಾರೆ ಪುಡಿಯಾಗುತ್ತದೆ, ಗಟ್ಟಿ ಸುಣ್ಣಕಲ್ಲಿನ ತಿರುಳು ತುಂಡಾಗಿಯೇ ಉಳಿಯುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ಸಣ್ಣ ಕಣಗಳನ್ನಷ್ಟೇ ಜರಡಿ ಹಿಡಿದು ಇಟ್ಟುಕೊಳ್ಳುತ್ತಾರೆ. ಎಲೆಕ್ಟ್ರಾನ್ ಕಿರಣ ಹಾಯಿಸಿದ ಸೂಕ್ಷ್ಮದರ್ಶಕದಲ್ಲಿ ಸುಣ್ಣಕಲ್ಲಿನ ಕಣ ಉಜ್ವಲ ಕಿತ್ತಳೆ ಬಣ್ಣದಲ್ಲಿ ಹೊಳೆದರೆ ಗಾರೆಯ ಸುಣ್ಣ ಮಂಕಾಗಿರುತ್ತದೆ. ಎಷ್ಟು ಕಲಬೆರಕೆ ಇದೆ ಎಂದು ಅಲ್ಲೇ ಅಂದಾಜಾಗುತ್ತದೆ.

ಆಮೇಲಿನದ್ದು ನಿಜಕ್ಕೂ ಜಾಣ ಕೆಲಸ. ಪುಡಿಯನ್ನು ನಿರ್ವಾತದಲ್ಲಿಟ್ಟು ಅದರ ಮೇಲೆ 85 ಶೇಕಡಾ ಫಾಸ್ಫಾರಿಕ್ ಆಮ್ಲ ಸುರಿಯುತ್ತಾರೆ. ನವಿರಾದ, ರಂಧ್ರ ತುಂಬಿದ ಗಾರೆಯ ಸುಣ್ಣ ಮೊದಲ ಕೆಲವು ಸೆಕೆಂಡುಗಳಲ್ಲೇ ಬುರುಗೆದ್ದು ಅನಿಲ ಬಿಡುತ್ತದೆ. ಒತ್ತಾದ ಹಳೆಯ ಸುಣ್ಣಕಲ್ಲಿಗೆ ಹೆಚ್ಚು ಹೊತ್ತು ಬೇಕು. ಹೊರಬರುವ ಅನಿಲವನ್ನು ಬೇರೆ ಬೇರೆ ಪಾಲಾಗಿ ಹಿಡಿದು, ಪ್ರತಿ ಪಾಲಿನ ಇಂಗಾಲವನ್ನೂ ಗ್ರಾಫೈಟ್ ಮಾಡಿ, ಪರಮಾಣುಗಳನ್ನು ಒಂದೊಂದಾಗಿ ಎಣಿಸಬಲ್ಲ ಯಂತ್ರಕ್ಕೆ ಕೊಡುತ್ತಾರೆ. ಒಂದು ಮಿಲಿಗ್ರಾಂ ಇಂಗಾಲ ಇದ್ದರೆ ಸಾಕು. ಮೊದಲ ಪಾಲೂ ಎರಡನೆಯದೂ ಒಂದೇ ವಯಸ್ಸು ಹೇಳಿದರೆ ಉತ್ತರವನ್ನು ನಂಬಬಹುದು. ಪಾಲಿನಿಂದ ಪಾಲಿಗೆ ವಯಸ್ಸು ಏರುತ್ತಾ ಹೋದರೆ ಕಲಬೆರಕೆ ಖಚಿತ, ಆಗ ಮೊದಲ ಪಾಲಿನತ್ತಲೇ ನೋಡಬೇಕು. ಗಾರೆಯಲ್ಲಿ ಅಲ್ಲಲ್ಲಿ ಸಿಗುವ ಬಿಳಿ ಸುಣ್ಣದ ಹರಳುಂಡೆಗಳು ಇನ್ನೂ ಉತ್ತಮ. ಸುಣ್ಣ ಸರಿಯಾಗಿ ಕದಡದೆ ಉಂಡೆಗಟ್ಟಿದ್ದು ಅವು, ಒಳಗೆ ಮರಳೂ ಇರುವುದಿಲ್ಲ. ಆದರೆ ಸುಟ್ಟ ಚರ್ಚಿನಲ್ಲಿ ಜಾಗರೂಕತೆ ಬೇಕು. ಬೆಂಕಿ ಗಾರೆಯ ಮೈಯನ್ನು ಮತ್ತೆ ಸುಟ್ಟ ಸುಣ್ಣವಾಗಿಸಿರುತ್ತದೆ, ಅದು ಬೆಂಕಿಯ ನಂತರದ ಗಾಳಿಯನ್ನು ಹೀರಿ ಗಟ್ಟಿಯಾಗಿರುತ್ತದೆ. ಅಂಥ ಗಾರೆ ಹೇಳುವುದು ಬೆಂಕಿ ಬಿದ್ದ ವರ್ಷವನ್ನು.

ಈ ವಿಧಾನಕ್ಕೆ ಒಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಗಾಳಿಯಲ್ಲಿನ ಇಂಗಾಲ-14 ಪ್ರತಿ ಶತಮಾನದಲ್ಲೂ ಒಂದೇ ಸಮನಾಗಿರಲಿಲ್ಲ. ಅಳತೆಯನ್ನು ವರ್ಷಕ್ಕೆ ತಿರುಗಿಸುವ ಗ್ರಾಫ್ 14ನೇ ಶತಮಾನದಲ್ಲಿ ಹಿಂದು ಮುಂದು ಸುಳಿದು ಒಂದೇ ಅಳತೆಗೆ ಎರಡು ಬೇರೆ ಬೇರೆ ದಶಕಗಳನ್ನು ತೋರಿಸುತ್ತದೆ. 15ನೇ ಶತಮಾನದ ಕೊನೆಯಿಂದ 17ರ ಆರಂಭದವರೆಗೆ ಬಹುಮಟ್ಟಿಗೆ ಚಪ್ಪಟೆಯಾಗಿದೆ. ಓಲಂಡಿನ 13ನೇ ಶತಮಾನದ ಗೋಡೆಗಳಿಗೆ ಗಾರೆ ಸ್ಪಷ್ಟ ಉತ್ತರ ಕೊಡುತ್ತದೆ, ತ್ಯುರ್ವ್ಯಾದಂಥ 1500ರ ಸುತ್ತಿನ ಗೋಡೆಗೆ ಹೆಚ್ಚು ನೆರವಾಗುವುದಿಲ್ಲ. ಅಲ್ಲಿ ಬೇಕಾಗುವುದು ಗೋಡೆಯೊಳಗೆ ಉಳಿದ ಸಾರವೆಯ ತೊಲೆತುಂಡುಗಳು. ಪೈನ್ ಮರದ ವರ್ಷದುಂಗುರಗಳ ಅಗಲ ಸಪೂರದ ಸರಣಿಯನ್ನು ಆ ಸೀಮೆಯ ಉಂಗುರಪಟ್ಟಿಗೆ ಹೊಂದಿಸಿ, ತೊಗಟೆಯಡಿಯ ಕೊನೆಯ ಉಂಗುರ ಸಿಕ್ಕರೆ ಮರ ಕಡಿದ ಚಳಿಗಾಲವನ್ನೇ ಹೇಳಬಹುದು. ಸಾರವೆಗೆ ಹಸಿ ಮರವನ್ನೇ ಬಳಸುತ್ತಿದ್ದರಿಂದ ಗೋಡೆಯ ಆ ಎತ್ತರ ಅದರ ಮರುಬೇಸಿಗೆಯ ಕೆಲಸ ಎಂದು ಹೆಚ್ಚೂ ಕಡಿಮೆ ಧೈರ್ಯವಾಗಿ ಹೇಳಬಹುದು. ದುರಸ್ತಿಯವರು ಈ ರಂಧ್ರಗಳಲ್ಲಿನ ಮರದ ಚೂರುಗಳನ್ನು ಕಸವೆಂದು ಎಸೆಯಬಾರದೆಂದು ಪುರಾತತ್ತ್ವಜ್ಞರು ಗೋಗರೆಯುವುದು ಇದೇ ಕಾರಣಕ್ಕೆ.

ಇನ್ನು ಕೆಡುವ ಬಗೆ. ಇಪ್ಪತ್ತನೇ ಶತಮಾನದಲ್ಲಿ ಹಳೆಯ ಸಂದುಗಳನ್ನು ಕೆತ್ತಿ ತೆಗೆದು ಸಿಮೆಂಟ್ ಗಾರೆ ತುಂಬಿದರು. ಗಟ್ಟಿಯಾದದ್ದು ಒಳ್ಳೆಯದು ಎಂಬುದೇ ತರ್ಕ. ಸುಣ್ಣದ ಗಾರೆಯಲ್ಲಿ ನೀರು ಆವಿಯಾಗಿ ಸುಲಭವಾಗಿ ಹೊರಬರುತ್ತದೆ, ಗ್ರಾನೈಟಿನಿಂದ ಬರಲಾರದು. ಗೋಡೆ ಒಣಗಲು ಇದ್ದ ಒಂದೇ ದಾರಿ ಈ ಸಂದುಗಳು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ಸಿಮೆಂಟಿಗೂ ಗ್ರಾನೈಟಿಗೂ ನಡುವೆ ಕೂದಲೆಳೆ ಬಿರುಕು ಬಿಟ್ಟೇ ಬಿಡುತ್ತದೆ, ಮಳೆನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಅದು ಸಿಮೆಂಟಿನ ಹಿಂದೆಯೇ ಹೆಪ್ಪುಗಟ್ಟಿ ಹಿಂದಿನ ಮೆತ್ತನೆಯ ಸುಣ್ಣವನ್ನು ಪುಡಿಮಾಡುತ್ತದೆ. ವರ್ಷಗಟ್ಟಲೆ ಇಳಿದ ನೀರು ಸುಣ್ಣವನ್ನು ಕರಗಿಸಿ ಕೆಳಗೆ ಒಯ್ಯುತ್ತದೆ. ಹೊರಗಿನಿಂದ ಗೋಡೆ ಸಂದುಗಳೆಲ್ಲ ತುಂಬಿ ಆರೋಗ್ಯವಾಗಿ ಕಾಣುತ್ತಿರುವಾಗಲೇ ಹೊಟ್ಟೆ ಬರಿದಾಗುತ್ತಿರುತ್ತದೆ. ಗ್ರಾನೈಟಿಗೆ ಇದರಿಂದ ಹೆಚ್ಚೇನೂ ಆಗದು, ಬಾಗಿಲಂಚಿನ ಇಟ್ಟಿಗೆಗಳು ಮಾತ್ರ ಮುಖ ಕಳಚಿಕೊಳ್ಳುತ್ತವೆ. ಸುಣ್ಣದ ಸಂದು ಬಿರುಕುಬಿಟ್ಟರೆ ಒಳಗೆ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಹರಳುಗಟ್ಟಿ ಸಣ್ಣ ಬಿರುಕನ್ನು ಮುಚ್ಚುವುದುಂಟು. ಸಿಮೆಂಟಿನಿಂದ ಆ ಮಟ್ಟದ ಉಪಕಾರ ನಿರೀಕ್ಷಿಸುವಂತಿಲ್ಲ.

ಒಳಗಿನ ಕೇಡು ವಸಂತದಲ್ಲಿ ಬರುತ್ತದೆ. ಬಿಸಿ ಮಾಡದ ಚರ್ಚಿನ ಗೋಡೆ ಚಳಿಗಾಲದ ತಣ್ಣನ್ನು ವಾರಗಟ್ಟಲೆ ಹಿಡಿದುಕೊಂಡಿರುತ್ತದೆ. ಹೊರಗೆ 20 ಡಿಗ್ರಿ, 70 ಶೇಕಡಾ ತೇವ ಇರುವ ಹಿತವಾದ ದಿನ ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟರೆ, ಆ ಗಾಳಿ 14 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ನೀರಾಗಿ ಕೂರುತ್ತದೆ. ಗೋಡೆ 7 ಡಿಗ್ರಿಯಲ್ಲಿದ್ದರೆ ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿನ ಮಧ್ಯಯುಗದ ಚಿತ್ರಗಳನ್ನು ಬರೆದದ್ದು ಒಣಗಿದ ಸುಣ್ಣದ ಮೇಲೆ, ಹಸಿಯ ಮೇಲಲ್ಲ. ಬಣ್ಣ ಮೇಲ್ಮೈಯಲ್ಲೇ ಕೂತಿದೆ. ಹತ್ತುಲ, ಲೊಹ್ಯದ ಚರ್ಚುಗಳಲ್ಲಿ ಗೋಡೆ, ಕಮಾನು ತುಂಬಿರುವ 16ನೇ ಶತಮಾನದ ಆರಂಭದ ಚಿತ್ರಗಳಿಗೆ ಈ ನೀರೂ, ನೀರಿನ ಜೊತೆ ಮೇಲೆ ಬಂದು ಹರಳಾಗುವ ಲವಣವೂ ದೊಡ್ಡ ಅಪಾಯ. ಗೋಡೆ ಬೆಚ್ಚಗಾಗುವ ತನಕ ಹಗಲು ಬಾಗಿಲು ಮುಚ್ಚಿ, ತಣ್ಣಗಿನ ಒಣ ಗಾಳಿ ಬೀಸುವ ಬೆಳಗಿನ ಜಾವ ತೆರೆಯುವುದು ಸರಿ.

ಚಾವಣಿಯ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಹಿಮ ನಿಲ್ಲದಂತೆ ಕಡಿದಾದ ಇಳಿಜಾರು, ಅದರ ಮೇಲೆ ನಾರಿನ ಗುಂಟ ಸೀಳಿದ ತೆಳು ಮರದ ಬಿಲ್ಲೆಗಳು, ಅವಕ್ಕೆ ಪೈನ್ ಬೇರು ಬೊಡ್ಡೆಗಳಿಂದ ಇಳಿಸಿದ ಟಾರು. ಗರಗಸದಲ್ಲಿ ಕೊಯ್ದರೆ ನಾರು ತುಂಡಾಗಿ ನೀರು ಒಳಗಿಳಿಯುತ್ತದೆ, ಸೀಳಿದರೆ ಮೇಲೆಯೇ ಜಾರುತ್ತದೆ. ನೀರಿಗೆ ಅದ್ಭುತ ಹೊದಿಕೆ, ಬೆಂಕಿಗೆ ಒಳ್ಳೆಯ ಸೌದೆ. ಅದರ ಕೆಳಗೆ ಇಟ್ಟಿಗೆಯ ಕಮಾನು ಚಾವಣಿ ಇದೆಯೇ ಇಲ್ಲವೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. 2006ರ ಮೇ 29ರಂದು ಪೊರ್ವೋ ಪಟ್ಟಣದ ಮಧ್ಯಯುಗದ ಕಥೀಡ್ರಲ್‌ಗೂ ಹೀಗೇ ಬೆಂಕಿಯಿಟ್ಟರು, ಹೊರಚಾವಣಿ ಪೂರಾ ಕುಸಿಯಿತು. ಕಮಾನು ತಡೆಹಿಡಿದಿದ್ದರಿಂದ ಒಳಗಿನ ಪ್ರಾರ್ಥನಾಂಗಣ ಉಳಿಯಿತು, 2008ರಲ್ಲಿ ಮತ್ತೆ ತೆರೆಯಿತು. ಇಂಥ ಕಮಾನು ಸಾಮಾನ್ಯವಾಗಿ ಅರ್ಧ ಇಟ್ಟಿಗೆಯಷ್ಟು ದಪ್ಪ, ಅಷ್ಟೇ! ತ್ಯುರ್ವ್ಯಾದಲ್ಲಿ ಅದಿರಲಿಲ್ಲ, ಹಲಗೆ ಇತ್ತು. ಊರಿನವರು ಸೋಲದೆ ಚಾವಣಿಯನ್ನೂ ಒಳಾಂಗಣವನ್ನೂ ಹಳೆಯ ವಿಧಾನದಲ್ಲೇ ಮತ್ತೆ ಕಟ್ಟಿದರು. ಕೂತ್ತಿ ಲವೋನೆನ್ ಮತ್ತು ಓಸ್ಮೊ ರೌಹಲ ಎಂಬ ಇಂದಿನ ಕಲಾವಿದರು 2009ರ ಹೊತ್ತಿಗೆ ಒಳಗೆ ಹೊಸ ಚಿತ್ರಗಳನ್ನು ಮುಗಿಸಿಕೊಟ್ಟರು.

ಸಂದುಗಳನ್ನು ಮತ್ತೆ ಸುಣ್ಣಕ್ಕೆ ಮರಳಿಸುವ ಕೆಲಸಕ್ಕೆ ಅವಸರ ಕೂಡದು. ಸಿಮೆಂಟನ್ನು ಕೈ ಉಳಿಯಿಂದಲೇ ಬಿಡಿಸಬೇಕು. ಯಂತ್ರದ ಚಕ್ರ ಸಂದನ್ನು ಅಗಲಿಸಿ ಹಳೆಯ ಚಕ್ಕೆಕಲ್ಲುಗಳನ್ನು ಕತ್ತರಿಸುತ್ತದೆ. ಪುಡಿಯಾದ ಸುಣ್ಣವನ್ನು ಗಟ್ಟಿ ಗಾರೆ ಸಿಗುವವರೆಗೆ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಒರಟು ಮರಳಿನ ಗಾರೆಯನ್ನು ಎರಡು ಸೆಂಟಿಮೀಟರಿಗಿಂತ ದಪ್ಪವಾಗದ ಪದರಗಳಲ್ಲಿ ಒತ್ತಿ ತುಂಬಬೇಕು. ಒಂದು ಪದರ ಬಿಗಿಯುವ ಮುನ್ನ ಇನ್ನೊಂದು ಹಾಕಿದರೆ ಎರಡೂ ಬಿರಿಯುತ್ತವೆ. ಬಿಸಿಲು, ಗಾಳಿಗೆ ಬೇಗ ಒಣಗದಂತೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಹಲವು ದಿನ ತೇವ ಹಿಡಿಯಬೇಕು. ಆಗಸ್ಟ್ ಮುಗಿಯುವುದರೊಳಗೆ ಕರಣೆ ತೊಳೆದಿಡಬೇಕು, ಗುತ್ತಿಗೆಯ ಗಡುವು ಏನೇ ಹೇಳಲಿ. ಮೊದಲ ಹೆಪ್ಪು ಬೀಳುವ ಮುಂಚೆ ಹೊಸ ಸಂದಿನ ಒಂದು ಮೂಲೆ ಮುರಿದು ಫಿನಾಫ್ತಲೀನ್ ತೊಟ್ಟಿಕ್ಕಿಸಿ ನೋಡುವುದು ಒಳ್ಳೆಯ ಅಭ್ಯಾಸ. ಬಣ್ಣವಿಲ್ಲದ ಗಟ್ಟಿ ಪದರ ಒಂದೆರಡು ಸೆಂಟಿಮೀಟರ್ ಇದ್ದರೆ ಧೈರ್ಯ. ಮೇಲ್ಮೈಯಲ್ಲೇ ಗುಲಾಬಿ ಬಂದರೆ ಆ ಗೋಡೆಗೆ ಮಳೆ ಹಿಮ ತಾಗದಂತೆ, ಆದರೆ ಗಾಳಿಯಾಡುವಂತೆ, ಏಪ್ರಿಲ್ ಕಳೆಯುವವರೆಗೆ ಹೊದಿಕೆ ಕಟ್ಟಬೇಕು.